ಹೊತ್ತು ಹೋಗ್ಲಿಕ್ಕೆ ಅಲ್ರಿ, ವೈನಿ

ಹೋದ ವರ್ಷ ಪಂಚಮಿ ಮುಗಿದ ಮರುದಿನ, ಉಳಿದ ಶೇಂಗಾ ಉಂಡಿ ಸ್ಟೀಲ್ ಡಬ್ಬಿಗೆ ತುಂಬಿಟ್ಟು ನಾನು ಮತ್ತ ಸೂಜಿ ಹಿಡಿದೆ. ಕಸೂತಿ ಬಿಟ್ಟು 22 ವರ್ಷ ಆಗಿತ್ತು. ಈ ಪಂಚಮಿಗೆ ಒಂದು ವರ್ಷ ತುಂಬಿತು. ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನ ಮ್ಯಾಲೇ ಇದರ ಲೆಕ್ಕಾನೂ ಬರದಿದ್ದೆ, ನಿನ್ನೆ ಕೂತು ಕೂಡಿಸಿದೆ. ಜಂಪರ್ ಪೀಸ್ 6, ಟೇಬಲ್ ಮ್ಯಾಲೆ ಹಾಸೋ ಬಟ್ಟಿ 3, ಕೂಸಿನ ಕುಂಚಿಗಿ 2, ದಿಂಬಿನ ಗವಸಣಿಗಿ 1, ಸೀರಿ ಸೆರಗು 1. ಒಟ್ಟು 13. ಅದರಾಗ ನನ್ನ ಮನ್ಯಾಗ ಉಳಿದದ್ದು 2. ಒಂದು ಮೊದಲನೇ ಬಟ್ಟಿ, ಎಣಿಕಿ ತಪ್ಪಿ ಅದರ ಆನಿಗೆ ಐದು ಕಾಲು ಬಂದಾವ, ಅದನ್ನ ಯಾರಿಗೆ ಕೊಡ್ಲಿ! ಉಳಿದ 11 ನಿಮ್ಮ ನಿಮ್ಮ ಮನ್ಯಾಗ ಅವ.

ರೊಕ್ಕದ ಮಾತು ಆಮ್ಯಾಲೆ ಆಡೋಣು. ಮೊದಲು ನನಗ ಸಿಟ್ಟು ಬಂದದ್ದು ಒಂದು ಮಾತಿನ ಮ್ಯಾಲೆ. “ಛಲೋ ಆತು ಬಿಡವಾ, ಮಕ್ಕಳು ದೊಡ್ಡವರಾದ್ರು, ಹೊತ್ತು ಹೋಗ್ಲಿಕ್ಕೆ ಏನರೆ ಬೇಕಲ್ಲ.” ವೈನಿ ಅಂದ್ರು, ಕಾಕು ಅಂದ್ರು, ಎದುರು ಮನಿ ಅಕ್ಕಾನೂ ಅಂದ್ರು. ಎಲ್ಲಾರೂ ಪ್ರೀತಿಲೇ ಅಂದದ್ದು, ಅದಕ್ಕ ಆವಾಗ ಸುಮ್ನಿದ್ದೆ.

ನನ್ನ ಹೊತ್ತು ತಾನಾಗೇ ಹೋಗ್ತದರಿ. ಮುಂಜಾನೆ ಡಬ್ಬಿ, ಅತ್ತಿಯವರ ಗುಳಗಿ, ಭಾಂಡಿ, ಅರಬಿ, ಮತ್ತ ರಾತ್ರಿ ರೊಟ್ಟಿ. ಅದನ್ನ ಕಳೀಲಿಕ್ಕೆ ನನಗ ದಾರ ಸೂಜಿ ಬೇಕಾಗಿಲ್ಲ. ಕಸೂತಿಗೆ ಹೊತ್ತು ಹುಡುಕಬೇಕು. ಎಳಿ ಎಣಿಸಿ ಹಾಕೋ ಕೆಲಸ ಅದು, ಟ್ಯೂಬ್ ಲೈಟಿನ ಕೆಳಗ ಕರೀ ಬಟ್ಟಿ ಎಳಿ ನನ್ನ ಕಣ್ಣಿಗೆ ಕಾಣೂದಿಲ್ಲ. ಹಗಲ ಬೆಳಕು ಬೇಕು. ನನಗ ಸಿಗೋ ಬೆಳಕು ಮಧ್ಯಾಹ್ನ ಎರಡೂವರಿಯಿಂದ ನಾಕರ ತನಕ, ಅಂದ್ರ ನೀವೆಲ್ಲಾ ಆಡ್ಡಾಗೋ ಹೊತ್ತು. ನಾನೂ ಮೊದಲು ಆಡ್ಡಾಗ್ತಿದ್ದೆ. ಒಂದು ವರ್ಷ ಆ ನಿದ್ದಿ ಕೊಟ್ಟು ಇದನ್ನ ತೊಗೊಂಡೀನಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಕಸೂತಿಯೊಳಗ ನಾಕು ಹೊಲಿಗಿ: ಗವಂತಿ, ಮುರಗಿ, ನೇಗಿ, ಮೆಂಥಿ. ಪೆನ್ಸಿಲ್‌ನಿಂದ ಚಿತ್ರ ಬರಕೊಳ್ಳೂದಿಲ್ಲ, ದಾರಕ್ಕ ಗಂಟು ಹಾಕೂದಿಲ್ಲ. ಗವಂತಿ ಅಂದ್ರ ಒಂದು ಬಿಟ್ಟು ಒಂದು ಹಾಕೋತ ಹೋಗೂದು, ಬಿಟ್ಟ ಜಾಗಾ ತುಂಬಿಕೋತ ಅದೇ ಹಾದಿಲೇ ತಿರುಗಿ ಬರೂದು. ಗೋಪುರ ಇರಲಿ, ತುಳಸಿಕಟ್ಟಿ ಇರಲಿ, ಹೊಂಟಲ್ಲಿಗೇ ಬಂದು ಮುಟ್ಟಬೇಕು, ಹಿಂದಿನ ಮಗ್ಗಲಾನೂ ಮುಂದಿನ ಹಂಗs ಕಾಣಬೇಕು. ಒಂದು ಎಳಿ ತಪ್ಪಿತು ಅನ್ನೂದು ನಲ್ವತ್ತು ಹೊಲಿಗಿ ಆದ ಮ್ಯಾಲೆ ಗೊತ್ತಾಗ್ತದ. ಬಿಚ್ಚು, ಮತ್ತ ಹಾಕು. ಸಣ್ಣ ತೇರಿನ ಸಾಲು ಇರೋ ಒಂದು ಜಂಪರ್ ಪೀಸಿಗೆ ಕ್ಯಾಲೆಂಡರಿನ ಲೆಕ್ಕದಾಗ 46 ತಾಸು ಹಿಡಿದದ.

“ಮಷೀನ್ ಕಸೂತಿ ಸೀರಿ ಸೋವಿ ಸಿಗ್ತಾವ, ಇಷ್ಟ್ಯಾಕ ಕಣ್ಣು ಕೆಡಿಸ್ಕೋತೀ” ಅಂದ ಅಕ್ಕಾ, ಆ ಸೀರಿ ಒಮ್ಮೆ ತಿರುವಿ ನೋಡ್ರಿ. ಹಿಂದ ಕೆಳಗಿನ ರೀಲಿನ ದಾರ ಜಾಡು ಕಟ್ಟಿರತದ. ಉಟ್ಕೋಬ್ಯಾಡ್ರಿ ಅನ್ನೂದಿಲ್ಲ. ಎರಡೂ ಒಂದೇ ಅನಬ್ಯಾಡ್ರಿ, ಅಷ್ಟs.

ಇನ್ನ ಹಂಚಿದ ಕಥಿ. ಮೊದಲ ಮೂರು ಯಾರೂ ಕೇಳಿರಲಿಲ್ಲ, ನಾನೇ ಕೊಟ್ಟೆ. ಹೊಗಳಿಸ್ಕೋಬೇಕು ಅನ್ನೋ ಆಸೆ ಇತ್ತು, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲೆ ಕೇಳ್ಲಿಕ್ಕೆ ಶುರು ಆತು. “ನಮ್ಮ ಹುಡುಗಿ ಲಗ್ನಕ್ಕ ಒಂದು ಹಾಕಿಕೊಡು, ಮನ್ಯಾಗs ಇರ್ತಿಯಲ್ಲ.” ಅದೇ ಜಂಪರ್ ಹೊಲಿಯೋ ಟೇಲರಿಗೆ ತಕರಾರಿಲ್ಲದ ರೊಕ್ಕ ಎಣಿಸಿದ್ರಿ. ಸೀರಿ ಫಾಲ್ ಪಿಕೋಕ್ಕೂ ಕೊಟ್ರಿ. ನನ್ನ 46 ತಾಸಿಗೆ ಒಂದು ಸ್ಟೀಲ್ ಬಟ್ಟಲಾ, ಅದೂ ಲಗ್ನದಾಗ ಎಲ್ಲಾರಿಗೂ ಹಂಚಿದ್ದು.

ದೀಪಾವಳಿಗೆ ಒಬ್ಬರಿಗೆ ತುಳಸಿಕಟ್ಟಿ ಜಂಪರ್ ಪೀಸ್ ಕೊಟ್ಟಿದ್ದೆ. ಚೈತ್ರಗೌರಿ ಅರಿಶಿಣ ಕುಂಕುಮಕ್ಕ ಇನ್ನ್ಯಾರದೋ ಮನಿಗೆ ಹೋದ್ರ, ಕೋಸಂಬರಿ ಪಾನಕ ಆದ ಮ್ಯಾಲೆ ಉಡಿಯೊಳಗ ಅಕ್ಕಿ, ಕೊಬ್ಬರಿ ಬಟ್ಟಲದ ಜೋಡಿ ಅದೇ ಪೀಸ್ ತಿರುಗಿ ನನ್ನ ಕೈಗೇ ಬಂತು! ಎಡಕಿನ ಮೂಲ್ಯಾಗ ಒಂದು ಮೆಟ್ಟಲ ತಪ್ಪಿದ್ದು ನನಗs ಗೊತ್ತು, ನನ್ನದೇ ಅದು. ಕೊಟ್ಟಾಕಿಗೆ ಪಾಪ ಏನೂ ಗೊತ್ತಿದ್ದಿಲ್ಲ. ನಕ್ಕು ಕುಂಕುಮ ಹಚ್ಚಿಸ್ಕೊಂಡು ಬಂದೆ, ಮನಿಗೆ ಬಂದು ಅತ್ತೆ. ಇನ್ನೊಂದು ಮನ್ಯಾಗ ನವಿಲಿನ ಬಟ್ಟಿ ಉಪ್ಪಿನಕಾಯಿ ಭರಣಿ ಕೆಳಗ ಅದ, ಎಣ್ಣಿ ಇಳಿದು ನವಿಲು ಹಳದಿ ಆಗ್ಯದ.

ನಿಮ್ಮನ್ನಷ್ಟೇ ಬೈದ್ರ ಅನ್ಯಾಯ ಆಗ್ತದ. ಅವ್ವನ ಒಂದು ಚಂದ್ರಕಾಳಿ ಸೀರಿ ಇತ್ತು. ಕರೀ ಸೀರಿ, ಸೆರಗಿನ ತುಂಬ ಗೋಪುರ, ಅಂಬಾರಿ ಆನಿ, ಅವ್ವ ಲಗ್ನಕ್ಕ ಮೊದಲು ತಾನೇ ಹಾಕಿದ್ದು. ಮಡಚಿದಲ್ಲೆ ಹರದಿತ್ತು. 1999ರಾಗ ಭಾಂಡಿ ಮಾರಾಕಿ ಬಂದಾಗ ಬ್ಯಾರೆ ಹಳೇ ಸೀರಿ ಜೋಡಿ ಅದನ್ನೂ ಹಾಕಿ ಒಂದು ಸ್ಟೀಲ್ ಡಬ್ಬಿ ತೊಗೊಂಡೆ. ಸಂಜಿಗೆ ಅವ್ವ ಕೇಳಿದ್ಲು. “ಅದೇನವಾ, ಹೊತ್ತು ಹೋಗ್ಲಿಕ್ಕೆ ಹಾಕಿದ್ದಲ್ಲ” ಅಂದೆ. ನಾನೇ ಅಂದದ್ದು ಈ ಮಾತು. ಅವ್ವ ಡಬ್ಬಿ ಬಾರಿಸಿ ನೋಡಿ, “ದಪ್ಪ ಅದ, ಛಲೋ ಬಾಳಿಕಿ ಬರ್ತದ” ಅಂದ್ಲು. ಬಾಳಿಕಿ ಬಂದದ. ಉಂಡಿ ಇಡೂದು ಅದರಾಗs.

ವೈನಿ ಅಂದ್ರು, “ಮನಿ ಮಂದಿ ಕಡೆ ರೊಕ್ಕ ತೊಗೊಂಡ್ರ ಪ್ರೀತಿ ಎಲ್ಲಿ ಉಳೀತದ?” ನಮ್ಮ ಓಣ್ಯಾಗ ಜ್ವಾಳದ ರೊಟ್ಟಿ ಬಡಿದು ಮಾರೋರ ಕಡೆ ನಾವು ಎಣಿಸಿ ತರ್ತೀವಿ, ಎಣಿಸಿ ರೊಕ್ಕ ಕೊಡ್ತೀವಿ. ಅವರ ಜೋಡಿ ನಮ್ಮ ಪ್ರೀತಿ ಏನು ಕಮ್ಮಿ ಆಗ್ಯದ? ಮತ್ತ ಇದು ನನ್ನೊಬ್ಬಾಕಿ ಮಾತೂ ಅಲ್ಲ. ಹಿಂದಿನ ಓಣ್ಯಾಗ ಒಬ್ಬಾಕಿ ಅಂಗಡಿಯವರಿಗೆ ಕಸೂತಿ ಹಾಕಿಕೊಟ್ಟು ಅದರಮ್ಯಾಲೇ ಮಗಳ ಫೀ ತುಂಬ್ತಾಳ. ಅಕಿ ಹತ್ರ ಹೋಗಿ ನಮ್ಮವರೇ, “ಇಷ್ಟ್ಯಾಕ ಹೇಳ್ತಿ, ನಮ್ಮಾಕಿ ಪುಕ್ಕಟೆ ಹಾಕಿಕೊಡ್ತಾಳ” ಅಂದು ಬಂದಾರ. ಅದನ್ನ ಕೇಳಿದ ದಿವಸ ನನಗ ಊಟ ಸೇರಲಿಲ್ಲ. ನಾನು ದೊಡ್ಡಸ್ತಿಕಿ ಅಂತ ಹಂಚಿದ್ದು ಅಕಿ ಕೂಲಿಗೆ ಕತ್ತರಿ ಹಾಕ್ತು. ಕಸೂತಿಗೆ ಜಿಐ ಗುರ್ತು ಸಿಕ್ಕದ ಅಂತ ನಾವೆಲ್ಲಾ ಹೆಮ್ಮಿಲೇ ಹೇಳ್ತೀವಿ. ಹಾಕೋ ಕೈಗೆ ಏನು ಸಿಕ್ಕದ, ಕೇಳೀವೇನು?

ಈ ಪಂಚಮಿಯಿಂದ ನಾನು ಯಾರಿಗೂ ಪುಕ್ಕಟೆ ಹಾಕಿಕೊಡೂದಿಲ್ಲ. ಲಗ್ನಕ್ಕ ಬೇಕಂದ್ರ ಹಿಂದಿನ ಓಣ್ಯಾಕಿ ಮನಿ ತೋರಿಸ್ತೀನಿ, ಅಕಿ ಹೇಳಿದಷ್ಟು ಕೊಡ್ರಿ, ಚೌಕಾಸಿ ಮಾಡಬ್ಯಾಡ್ರಿ. ಕೂಸು ಹುಟ್ಟಿದ್ರ ಕುಂಚಿಗಿ ಮಾತ್ರ ನನ್ನ ಮನಸ್ಸಿಗೆ ಬಂದ್ರ ನಾನೇ ತರ್ತೀನಿ, ಕೇಳಬ್ಯಾಡ್ರಿ. ಉಡಿಯೊಳಗ ತಿರುಗಿ ಬಂದ ಆ ತುಳಸಿಕಟ್ಟಿ ಪೀಸ್ ನಾನೇ ಹೊಲಿಸಿಕೊಂಡೀನಿ, ಗಣಪತಿ ಹಬ್ಬಕ್ಕ ಹಾಕ್ಕೋತೀನಿ. ಕೊಟ್ಟವರು ಗುರ್ತು ಹಿಡಿದ್ರ ಹಿಡೀಲಿ.

ಕಲೀತೀನಿ ಅನ್ನೋರಿಗೆ ಬಾಗಲಾ ತೆರದದ, ಅದಕ್ಕ ರೊಕ್ಕ ಬ್ಯಾಡ. ಶನಿವಾರ ಎರಡೂವರಿಗೆ ಬರ್ರಿ, ಊಟ ಮಾಡಿ ಬರ್ರಿ. ಎಳಿ ಕಾಣೋ ಹಂಥಾ ದಪ್ಪ ಬಟ್ಟಿ ಒಂದು ಮೊಳ, ಸೂಜಿ, ಚಷ್ಮಾ ನಿಮ್ಮದು. ಚಹಾ ನನ್ನದು, ನಾಕಕ್ಕ.