ಕೊನೆಯ ಪ್ಯಾರಾಕ್ಕೆ ಏನು ಕೆಲಸ?

ಹತ್ತನೇ ತರಗತಿಯ ಮಕ್ಕಳು ಬರೆದ ಪ್ರಬಂಧದ ಕೊನೆಯ ಪ್ಯಾರಾದಲ್ಲಿ ಏನಿದೆ ಎಂದು ಓದದೆಯೇ ಹೇಳಿಬಿಡಬಹುದು. ವಿಷಯ ಗ್ರಂಥಾಲಯವಾಗಲಿ, ಪರಿಸರ ಮಾಲಿನ್ಯವಾಗಲಿ, ರಾಷ್ಟ್ರೀಯ ಹಬ್ಬವಾಗಲಿ, ಅದು ‘ಒಟ್ಟಿನಲ್ಲಿ ಹೇಳುವುದಾದರೆ’ ಎಂದು ಶುರುವಾಗಿ ‘ನಮ್ಮೆಲ್ಲರ ಆದ್ಯ ಕರ್ತವ್ಯವಾಗಿದೆ’ ಎಂದು ಮುಗಿಯುತ್ತದೆ. ಹಾಸನದ ಹುಡುಗಿಯೂ ಹಾಗೇ ಬರೆಯುತ್ತಾಳೆ, ಅರಕಲಗೂಡಿನ ಹುಡುಗನೂ ಹಾಗೇ. ಮಕ್ಕಳನ್ನು ದೂರಿ ಫಲವಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಮೂರು ತಲೆಬರಹ ಹಾಕಿಸಿದ ನಾವು ಮೂರನೆಯದರ ಕೆಳಗೆ ಬರೆಯಬೇಕಾದ್ದನ್ನು ಕಲಿಸಿರುವುದು ಇಷ್ಟೇ: ಮೇಲೆ ಹೇಳಿದ್ದನ್ನು ಚಿಕ್ಕದಾಗಿ ಇನ್ನೊಮ್ಮೆ ಹೇಳು.

ಇನ್ನೊಮ್ಮೆ ಹೇಳುವುದಕ್ಕೂ ಮುಗಿಸುವುದಕ್ಕೂ ಸಂಬಂಧವಿಲ್ಲ. ಅಷ್ಟು ಹೊತ್ತು ಬರೆದದ್ದರಿಂದ ಯಾವ ತೀರ್ಮಾನಕ್ಕೆ ಬರಬಹುದೋ ಅದನ್ನು ಹೇಳುವ ಜಾಗ ಕೊನೆಯ ಪ್ಯಾರಾ. ತೀರ್ಮಾನವೇ ಇಲ್ಲದವನು ಹೇಳಿದ್ದನ್ನೇ ಹೇಳುತ್ತಾನೆ.

ಈ ಭೇದ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹೊಳೆನರಸೀಪುರದಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಶಂಕರರ ಭಾಷ್ಯಗಳನ್ನು ಕನ್ನಡದಲ್ಲಿ ಓದುವವರಿಗೆಲ್ಲ ಪರಿಚಿತವಾದ ಹೆಸರು. ಅದನ್ನು ಕಟ್ಟಿ ಬೆಳೆಸಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಪೂರ್ವಾಶ್ರಮದಲ್ಲಿ ಸುಬ್ಬರಾಯರು, ಶಾಲೆಯ ಮೇಷ್ಟ್ರು. ಅವರು ದುಡಿದ ವೇದಾಂತ ಶಾಸ್ತ್ರದಲ್ಲಿ ಒಂದು ಗ್ರಂಥದ ತಾತ್ಪರ್ಯ ಏನೆಂದು ಗುರುತಿಸಲು ಆರು ಲಿಂಗಗಳನ್ನು, ಎಂದರೆ ಗುರುತುಗಳನ್ನು, ಹೇಳುತ್ತಾರೆ: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಮೊದಲು ಮತ್ತು ಕೊನೆಯನ್ನು ಒಟ್ಟಿಗೆ ಸೇರಿಸಿ ಒಂದೇ ಲಿಂಗವೆಂದು ಎಣಿಸಿದ್ದಾರೆ. ಎತ್ತಿದ ಪ್ರಶ್ನೆಯನ್ನು ಬಿಟ್ಟು ಮುಕ್ತಾಯವನ್ನು ತೂಗಲಾಗದು. ಹೇಳಿದ್ದನ್ನೇ ಮತ್ತೆ ಹೇಳುವುದಕ್ಕೆ ಅಭ್ಯಾಸ ಎಂಬ ಬೇರೆಯೇ ಹೆಸರು ಕೊಟ್ಟು, ಬೇರೆಯೇ ಜಾಗದಲ್ಲಿ ಇಟ್ಟಿದ್ದಾರೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ. ಹನ್ನೆರಡು ವರ್ಷ ಓದಿ ಬೀಗುತ್ತಾ ಮನೆಗೆ ಬಂದ ಮಗನಿಗೆ ತಂದೆ ಒಂದು ಪ್ರಶ್ನೆ ಹಾಕುತ್ತಾನೆ. ಉತ್ತರವನ್ನು ಒಂಬತ್ತು ಸಲ ಹೇಳುತ್ತಾನೆ, ನಿಜ. ಆದರೆ ಆಲದ ಹಣ್ಣು ಒಡೆಸಿ ಒಮ್ಮೆ, ನೀರಿಗೆ ಉಪ್ಪು ಹಾಕಿಸಿ ಇನ್ನೊಮ್ಮೆ, ಹೀಗೆ ಸಲಸಲವೂ ಹೊಸ ದಾರಿಯಿಂದ ಬಂದು ಹೇಳುತ್ತಾನೆ. ನಮ್ಮ ಮಕ್ಕಳ ‘ಒಟ್ಟಿನಲ್ಲಿ’ ಆ ದರ್ಜೆಯ ಅಭ್ಯಾಸವೂ ಅಲ್ಲ.

ಪರೀಕ್ಷೆಯ ಪ್ರಬಂಧಕ್ಕೆ ಉಪನಿಷತ್ತೇಕೆ ಎನ್ನುವವರು ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ನೋಡಲಿ. ಸುಮಾರು ಕ್ರಿ.ಶ. 450ರ ಆ ಬರಹ ಯಾರಿಗೆ ಯಾವ ಊರು ದತ್ತಿಯಾಯಿತು ಎಂದು ಹೇಳಿದ ಮೇಲೆ ದತ್ತಿಯ ವಿವರವನ್ನು ಪುನಃ ಒಪ್ಪಿಸುವುದಿಲ್ಲ. ಇದನ್ನು ಅಳಿದವನಿಗೆ ಮಹಾಪಾತಕ ತಟ್ಟುತ್ತದೆ ಎಂದು ಎಚ್ಚರಿಸುತ್ತದೆ. ಮುಂದೆ ಓದುವವನು ಏನು ಮಾಡಬಾರದು ಎಂಬುದು ಬರೆಸಿದವನ ತಲೆಯಲ್ಲಿತ್ತು. ಕೊನೆಯ ಮಾತಿಗೆ ಅಲ್ಲಿ ಒಂದು ಕೆಲಸವಿದೆ.

ಈಗ ಅರಕಲಗೂಡು ತಾಲ್ಲೂಕಿಗೆ ಬರೋಣ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಲ ಎಷ್ಟೋ ಮನೆಗಳ ಸಾಲ, ಮದುವೆ, ಮಕ್ಕಳ ಫೀಸು ಅಲ್ಲಿ ಕೂಗುವ ದರದ ಮೇಲೆ ನಿಂತಿವೆ. ಅಂಥ ಮನೆಯ ಹುಡುಗನಿಗೆ ‘ತಂಬಾಕು ಸೇವನೆಯ ದುಷ್ಪರಿಣಾಮಗಳು’ ಎಂಬ ವಿಷಯ ಕೊಟ್ಟರೆ ಏನು ಬರೆಯುತ್ತಾನೆ? ಕ್ಯಾನ್ಸರ್, ಶ್ವಾಸಕೋಶ, ಹೃದಯ ಎಂದು ಪಟ್ಟಿ ಮಾಡಿ, ‘ಆದ್ದರಿಂದ ತಂಬಾಕನ್ನು ಸಂಪೂರ್ಣ ನಿಷೇಧಿಸುವುದು ಅತ್ಯಗತ್ಯ’ ಎಂದು ಮುಗಿಸುತ್ತಾನೆ. ಸಂಜೆ ಮನೆಗೆ ಹೋಗಿ ತಂಬಾಕಿನ ಎಲೆ ಬೇಯಿಸುವ ಬ್ಯಾರನ್ ಮುಂದೆ ಕೂತು ಎಲೆ ಕಟ್ಟುತ್ತಾನೆ. ಅವನು ಸುಳ್ಳುಗಾರನಲ್ಲ. ಬರೆದದ್ದಕ್ಕೂ ಬದುಕಿಗೂ ನಂಟಿದೆ ಎಂದು ಅವನಿಗೆ ಯಾರೂ ಹೇಳಿಲ್ಲ, ಅಷ್ಟೇ. ‘ಹಾಗಾದರೆ ನಿಮ್ಮ ಹೊಲದಲ್ಲಿ ಏನು ಹಾಕಬೇಕು?’ ಎಂದು ಮೇಷ್ಟ್ರು ಒಂದೇ ಒಂದು ಪ್ರಶ್ನೆ ಕೇಳಲಿ. ಜೋಳ ಹಾಕಿದರೆ ಅಷ್ಟು ದುಡ್ಡು ಬರುತ್ತದೆಯೇ, ಬ್ಯಾರನ್ ಕಟ್ಟಿಸಲು ಮಾಡಿದ ಸಾಲ ಯಾರು ತೀರಿಸುತ್ತಾರೆ, ಬೇಯಿಸಲು ಸುಡುವ ಸೌದೆ ಎಲ್ಲಿಂದ ಬರುತ್ತಿದೆ ಎಂಬುದೆಲ್ಲ ಹುಡುಗನಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಅದನ್ನು ಯೋಚಿಸಿದವನ ಕೊನೆಯ ಪ್ಯಾರಾದಲ್ಲಿ ನಿಷೇಧದ ಘೋಷಣೆ ಇರಲಾರದು. ಬೆಳೆ ಬಿಡಬೇಕು, ಬಿಡುವವನಿಗೆ ಮೊದಲು ಇಂಥದ್ದು ಸಿಗಬೇಕು ಎಂದಾದರೂ ಬರೆಯುತ್ತಾನೆ. ಬಿಡಲಾಗದು ಎಂದೇ ಬರೆದರೂ ಕಾರಣ ಕೊಟ್ಟಿದ್ದರೆ ನಾನು ಅಂಕ ಕೊಡುತ್ತೇನೆ.

ಪರೀಕ್ಷೆಗೆ ಇದೆಲ್ಲ ಆಗುವುದಿಲ್ಲ ಎಂಬ ಆಕ್ಷೇಪ ಇದೆ. ಹಗುರವಾದದ್ದಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ಶೇ 89.33 ಫಲಿತಾಂಶದೊಡನೆ ರಾಜ್ಯಕ್ಕೇ ಮೊದಲು ಬಂತು. ಮೊದಲ ಸ್ಥಾನದ ರುಚಿ ಕಂಡ ಜಿಲ್ಲೆಯಲ್ಲಿ ಪಾಸಾಗುವಷ್ಟನ್ನು ಸಿದ್ಧಮಾಡಿ ಕೊಡುವ ಪಾಸಿಂಗ್ ಪ್ಯಾಕೇಜ್ ಬೇಡ ಎನ್ನುವುದು ಕಷ್ಟ. ನಾಲ್ಕು ಸಾಲು ಸ್ವಂತವಾಗಿ ಬರೆಯಲಾಗದ ಮಗುವಿಗೆ ಸಿದ್ಧ ಉಪಸಂಹಾರ ಒಂದು ದಯೆಯೇ ಸರಿ, ಒಂದೆರಡು ಅಂಕ ಕೈಗೆ ಹತ್ತುತ್ತದೆ. ನನ್ನ ತಕರಾರು, ತರಗತಿಯಲ್ಲಿ ಮುಂದೆ ಇರುವ ಮಕ್ಕಳಿಗೂ ಅದನ್ನೇ ಬಾಯಿಪಾಠ ಮಾಡಿಸುತ್ತೇವಲ್ಲ ಎಂಬುದು. ಪಿಯುಸಿ, ಡಿಗ್ರಿ ದಾಟಿ ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಯವರೆಗೂ ಅವರು ಅದೇ ‘ಆದ್ಯ ಕರ್ತವ್ಯ’ವನ್ನು ಹೊತ್ತು ಹೋಗುತ್ತಾರೆ.

ಕಲಿಸುವುದು ಹೇಗೆ ಎಂದರೆ, ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಾಣುವುದು ಅದಲುಬದಲು. ಚನ್ನರಾಯಪಟ್ಟಣದ ಹುಡುಗಿ ತೆಂಗಿನ ಬಗ್ಗೆ ಬರೆದ ಕೊನೆಯ ಪ್ಯಾರಾವನ್ನು ಹಾಸನದ ಹುಡುಗ ಆಲೂಗೆಡ್ಡೆಯ ಬಗ್ಗೆ ಬರೆದ ಪ್ರಬಂಧದ ಕೊನೆಗೆ ಅಂಟಿಸಿ ಓದಿಸಿ. ‘ರೈತ ದೇಶದ ಬೆನ್ನೆಲುಬು’ ಎಂದಿದ್ದರೆ ಸಲೀಸಾಗಿ ಕೂರುತ್ತದೆ. ಕೂತರೆ ಎರಡೂ ಕಡೆ ಹೊಡೆದುಹಾಕಬೇಕು. ಹಾಸನದ ಆಲೂಗೆಡ್ಡೆಗೆ ಬಿತ್ತನೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ, ಅಂಗಮಾರಿ ರೋಗ ತಗುಲಿದರೆ ಹಾಕಿದ ಬಂಡವಾಳವೂ ಕೈಗೆ ಬರುವುದಿಲ್ಲ ಎಂದು ಮೇಲೆ ಬರೆದ ಹುಡುಗ ಕೊನೆಯಲ್ಲಿ ಬಿತ್ತನೆಯನ್ನು ಇಲ್ಲೇ ಬೆಳೆಸಬೇಕೋ ಬೇಡವೋ ಹೇಳಲೇಬೇಕು. ಆ ಮಾತು ತೆಂಗಿಗೆ ಅಂಟುವುದಿಲ್ಲ. ಇನ್ನೊಂದು ದಾರಿ, ಕೊನೆಯ ಪ್ಯಾರಾವನ್ನೇ ಮೊದಲು ಬರೆಸಿ, ಅಲ್ಲಿಗೆ ತಲುಪಲು ಏನೇನು ಬೇಕೆಂದು ಹಿಂದಕ್ಕೆ ಯೋಚಿಸುವಂತೆ ಮಾಡುವುದು. ಗೊರೂರರ ‘ಹಳ್ಳಿಯ ಚಿತ್ರಗಳು’ ಓದಿಸಬಹುದೇ ಎಂದರೆ ಧಾರಾಳವಾಗಿ ಓದಿಸಿ, ಆದರೆ ಇದಕ್ಕಾಗಿ ಅಲ್ಲ. ಹರಟೆಗೆ ತೀರ್ಪಿನ ಹಂಗಿಲ್ಲ. ವಾದ ಹೂಡಿದ ಪ್ರಬಂಧಕ್ಕೆ ಇದೆ.

ಕನ್ನಡ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಈ ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಒಂದರಲ್ಲಾದರೂ ಪೀಠಿಕೆಯನ್ನೂ ವಿಷಯವನ್ನೂ ನೀವೇ ಬರೆದು ಕೊಟ್ಟು, ಕೊನೆಯ ಪ್ಯಾರಾವನ್ನಷ್ಟೇ ಮಕ್ಕಳಿಂದ ಬರೆಸಿ. ಅಂಕವನ್ನೆಲ್ಲ ಅದಕ್ಕೇ ಇಡಿ. ‘ಒಟ್ಟಿನಲ್ಲಿ’ ಎಂಬ ಪದ ಬಳಸುವಂತಿಲ್ಲ ಎಂದು ಪ್ರಶ್ನೆಯಲ್ಲೇ ಬರೆದುಬಿಡಿ.