ಹಳೆಯ ಗಾಡಿ, ಹೊಸ ಹಾಡು

ನಮ್ಮ ಮಿತ್ರರೊಬ್ಬರ ಮನೆಯಲ್ಲಿ 1978ರ ಪ್ರೀಮಿಯರ್ ಪದ್ಮಿನಿ ಕಾರೊಂದಿದೆ. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಆ ಜಾತಿಯ ಗಾಡಿಗಳ ತಯಾರಿಕೆ ಎಂದೋ ನಿಂತುಹೋಯಿತು. ಮಿತ್ರರ ಗಾಡಿ ಮಾತ್ರ ನಿಂತಿಲ್ಲ. ಅದನ್ನು ಕೊಂಡವರು ಅವರ ತಂದೆ. ಅವರು ತೀರಿಕೊಂಡ ಮೇಲೂ ಪ್ರತಿ ಭಾನುವಾರ ತಾಯಿಯವರನ್ನು ಗಾಂಧಿಬಜಾರಿಗೆ ಕರೆದೊಯ್ಯುವ ಕೆಲಸವನ್ನು ಅದು ತಪ್ಪದೆ ಮಾಡುತ್ತಿದೆ.

ಗಾಡಿಯಲ್ಲಿ ಹಿರಿಯರು ಹಾಕಿಸಿದ್ದ ರೇಡಿಯೋ ಇತ್ತು. ಒಂದೇ ಸ್ಪೀಕರು, ಅದರಲ್ಲಿಯೂ ಹಾಡಿಗಿಂತ ಗರಗರ ಸದ್ದೇ ಹೆಚ್ಚು. ಮೊಬೈಲಿನ ಹಾಡನ್ನು ತಂತಿಯಿಲ್ಲದೆ ಹಿಡಿದು ನಾಲ್ಕು ಸ್ಪೀಕರುಗಳಲ್ಲಿ ನುಡಿಸುವ ಸ್ಟೀರಿಯೋ ಬೇಕೆಂದು ಮೊಮ್ಮಗಳು ಹಟ ಹಿಡಿದಳು. ಅಂಗಡಿಯ ಹುಡುಗ ಹಳೆಯ ತಂತಿಗಳನ್ನು ಇಕ್ಕಳದಿಂದ ಕತ್ತರಿಸಿ, ತುದಿಗಳನ್ನು ಹೊಸೆದು, ಟೇಪು ಸುತ್ತಿ ಅರ್ಧ ಗಂಟೆಯಲ್ಲಿ ಹಾಡು ಹಾಡಿಸಿಬಿಟ್ಟ. ಎಲ್ಲರಿಗೂ ಸಂತೋಷವಾಯಿತು.

ಮೂರನೆಯ ಭಾನುವಾರ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂದಿತು. ಮಿತ್ರರು ಗಾಬರಿಯಿಂದ ತಾಯಿಯವರನ್ನು ಕೆಳಗಿಳಿಸಿ, ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೆಯೇ ಹೊಗೆ ಅಡಗಿದುದು. ಹಿಂದಿನ ಸೀಟಿನಲ್ಲಿದ್ದವರು ಎಂಬತ್ತು ದಾಟಿದ ವೃದ್ಧೆಯೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆಂದು ಅವರು ಹೇಳುತ್ತಾರೆ.

ಆಮೇಲೆ ಗಾಡಿಯನ್ನು ನೋಡಿದವರು ತಲೆ ನರೆತ ಎಲೆಕ್ಟ್ರಿಷಿಯನ್ ಒಬ್ಬರು. "ಸ್ವಾಮಿ, ಗಾಡಿಯದೂ ತಪ್ಪಿಲ್ಲ, ಸ್ಟೀರಿಯೋದೂ ತಪ್ಪಿಲ್ಲ. ಇವೆರಡಕ್ಕೂ ಪರಿಚಯ ಮಾಡಿಸದೆ ಗಂಟು ಹಾಕಿದ್ದಾರೆ, ಅಷ್ಟೆ" ಎಂದರು.

ಅವರು ವಿವರಿಸಿದ್ದು ಎಲ್ಲರೂ ತಿಳಿದಿರಬೇಕಾದ ಸಂಗತಿ. ಹಳೆಯ ರೇಡಿಯೋಗೆ ಸುಮಾರು ಒಂದು ಆಂಪಿಯರ್ ವಿದ್ಯುತ್ತು ಸಾಕು. ಅದರ ತಂತಿಯೂ ಅದಕ್ಕೆ ತಕ್ಕಂತೆ ತೆಳುವಾದುದು. ಹೊಸ ಸ್ಟೀರಿಯೋ ಜೋರಾಗಿ ಹಾಡುವಾಗ ಹತ್ತು ಆಂಪಿಯರಿನವರೆಗೂ ಎಳೆಯಬಲ್ಲದು. ಪ್ರವಾಹ ಹತ್ತು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನೂರು ಪಟ್ಟಾಗುತ್ತದೆ. ಇನ್ನು ಹೊಸ ಯಂತ್ರದ ಬೆನ್ನಿಗಿರುವ ಫ್ಯೂಸು ಯಂತ್ರವನ್ನು ಕಾಯುತ್ತದೆಯೇ ಹೊರತು, ಬ್ಯಾಟರಿಯಿಂದ ಅಲ್ಲಿಗೆ ಬರುವ ತಂತಿಯನ್ನು ಕಾಯುವುದಿಲ್ಲ. ಹುಡುಗನು ಹಳೆಯ ತಂತಿಯೊಡನೆ ಅದರ ಪುಟ್ಟ ಫ್ಯೂಸನ್ನೂ ಕತ್ತರಿಸಿ ಎಸೆದಿದ್ದನು!

ಆದುದರಿಂದ ಬ್ಯಾಟರಿಯ ಸಮೀಪದಲ್ಲೇ ಫ್ಯೂಸು ಹಾಕಿ, ಅಲ್ಲಿಂದ ದಪ್ಪನೆಯ ಹೊಸ ತಂತಿಯನ್ನು ತರಬೇಕು. ಸ್ಟೀರಿಯೋದ ಹಳದಿ ತಂತಿಗೆ ಸದಾ ವಿದ್ಯುತ್ತು ಬೇಕು. ಗಡಿಯಾರವೂ ನೆನಪೂ ಉಳಿಯುವುದು ಅದರಿಂದ. ಕೆಂಪು ತಂತಿಗೆ ಚಾವಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರಬೇಕು. ಕಪ್ಪು ತಂತಿ ಗಾಡಿಯ ಬಾಡಿಗೆ ಸೇರಬೇಕು. ಹಳದಿ ಮತ್ತು ಕೆಂಪು ಅದಲುಬದಲಾದರೆ, ಚಾವಿ ತೆಗೆದಾಗಲೆಲ್ಲ ಸ್ಟೀರಿಯೋಗೆ ಮರೆವು ಬರುತ್ತದೆ.

ಸ್ಪೀಕರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ಗಾಡಿಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ಬಾಡಿಗೇ ಕಟ್ಟಿರುವುದುಂಟು. ಹೊಸ ಸ್ಟೀರಿಯೋಗಳಿಗೆ ಇದು ಸಲ್ಲದು. ಅವುಗಳ ಸ್ಪೀಕರು ತಂತಿ ಯಾವುದಾದರೂ ಬಾಡಿಗೆ ತಗುಲಿದರೆ ಒಳಗಿನ ಆಂಪ್ಲಿಫೈಯರ್ ಕೆಡಬಹುದು. ಪ್ರತಿ ಸ್ಪೀಕರಿಗೂ ಎರಡೆರಡು ತಂತಿಗಳನ್ನು ಬೇರೆಯಾಗಿಯೇ ಎಳೆಯಬೇಕು.

ಇದಕ್ಕೆಲ್ಲ ಮುಂಚೆ ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆಯೆಂದು ನೋಡಿಕೊಳ್ಳುವುದು ಲೇಸು. 1950ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವೇ ಬಾಡಿಗೆ ಸೇರಿರುತ್ತಿತ್ತು. ಅಂಥವುಗಳಿಗೆ ಇಂದಿನ ಸ್ಟೀರಿಯೋವನ್ನು ಹಾಗೆಯೇ ಸೇರಿಸುವಂತಿಲ್ಲ.

ಹಿರಿಯರು ಕೊನೆಯಲ್ಲಿ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ಕತ್ತರಿಸಿಹೋಗಿದ್ದ ಹಳೆಯ ತುದಿಗಳಿಗೆ ಬೆಸುಗೆ ಹಾಕಿ, ಒಂದು ಕಪ್ಲರ್ ಕೂಡಿಸಿ, ಅದನ್ನು ವಿದ್ಯುತ್ತಿನಿಂದ ಬೇರ್ಪಡಿಸಿ, ಭದ್ರವಾಗಿ ಮುಚ್ಚಿ ಒಂದು ಬದಿಗಿಟ್ಟರು. ಸ್ಟೀರಿಯೋದ ತಂತಿಗಳಿಗೆ ಇನ್ನೊಂದು ಕಪ್ಲರ್. "ಮೊದಲೇ ಹೀಗೆ ಮಾಡಿದ್ದರೆ ಒಂದು ತಂತಿಯನ್ನೂ ಕತ್ತರಿಸಬೇಕಾಗಿರಲಿಲ್ಲ. ನಾಳೆ ಹಳೆಯ ರೇಡಿಯೋ ಬೇಕೆನಿಸಿದರೆ, ಈ ಕಪ್ಲರಿಗೆ ಫ್ಯೂಸು ಸಹಿತ ವಿದ್ಯುತ್ತು ಕೊಟ್ಟು ಸಿಕ್ಕಿಸಿದರಾಯಿತು" ಎಂದರು.

ಮರುವಾರ ಗಾಡಿ ಏರಿದ ತಾಯಿಯವರು ಕೇಳಿದ್ದು ಒಂದೇ ಮಾತು: "ನಿಮ್ಮಪ್ಪನ ರೇಡಿಯೋ ಎಲ್ಲಿಟ್ಟೆಯಪ್ಪಾ?"

"ಮನೆಯಲ್ಲಿ ಜೋಪಾನವಾಗಿದೆಯಮ್ಮಾ. ಯಾವಾಗ ಬೇಕಾದರೂ ಮತ್ತೆ ಹಾಕಬಹುದು" ಎಂದರು ಮಿತ್ರರು.

ಆ ಮಾತನ್ನು ಆಡಲು ಅವರಿಗೆ ಸಾಧ್ಯವಾದುದು ಎರಡನೆಯ ಸಲದ ತಾಳ್ಮೆಯ ಕೆಲಸದಿಂದ. ಮನೆಯಲ್ಲಿ ಹಳೆಯ ಗಾಡಿಯುಳ್ಳವರು ಇಕ್ಕಳ ಹಿಡಿದವನಿಗೆ ಮೊದಲೇ ಹೇಳಿಬಿಡಿರಿ: ಕೂಡಿಸಪ್ಪಾ, ಕತ್ತರಿಸಬೇಡ.