ಸಮವಸ್ತ್ರ ಕಳಚಿದರೂ ಕಳಚದ ಹೊಣೆ

ಹಾಸನದಿಂದ ಕೊರವಂಗಲದ ಕಡೆಗೆ ಸಂಜೆಯ ಬಸ್ಸೊಂದು ಹೊರಟಿದೆ ಎಂದು ಊಹಿಸಿಕೊಳ್ಳಿ. ಪೇಟೆಯ ಕೆಲಸ ಮುಗಿಸಿ ಊರಿಗೆ ಮರಳುವವರಿಂದ ಬಸ್ಸು ತುಂಬಿದೆ. ಕಂಬಿ ಹಿಡಿದು ನಿಂತ ವೃದ್ಧೆಯೊಬ್ಬರ ಕೊರಳಿನ ಸರಕ್ಕೆ ಯಾರೋ ಕೈ ಹಾಕುತ್ತಾರೆ. ಎರಡು ಸೀಟು ಹಿಂದೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿರುವವನು ರಜೆಯ ಮೇಲೆ ಊರಿಗೆ ಹೊರಟ ಒಬ್ಬ ಪೊಲೀಸ್ ಪೇದೆ. ಅವನ ಮೈಮೇಲೆ ಖಾಕಿಯಿಲ್ಲ, ಕೈಯಲ್ಲಿ ಲಾಠಿಯಿಲ್ಲ. ಬಸ್ಸು ಸಾಗುತ್ತಿರುವ ಪ್ರದೇಶ ಅವನ ಠಾಣೆಯ ವ್ಯಾಪ್ತಿಗೆ ಸೇರಿದ್ದೂ ಅಲ್ಲ. ಅವನೇನು ಮಾಡಬೇಕು?

ಎದ್ದು ತಡೆಯಬೇಕು ಎಂದು ನಾವೆಲ್ಲರೂ ಒಕ್ಕೊರಲಿನಿಂದ ಹೇಳುತ್ತೇವೆ. ಹಾಗಾದರೆ ಇನ್ನೊಂದು ಪ್ರಶ್ನೆ. ಅದೇ ಸೀಟಿನಲ್ಲಿ ಕುಳಿತವರು ನೀವಾಗಿದ್ದರೆ? ಈಗ ಉತ್ತರ ಅಷ್ಟು ಬೇಗ ಬರುವುದಿಲ್ಲ. ಈ ಎರಡು ಉತ್ತರಗಳ ನಡುವೆ ಇರುವ ಅಂತರವೇ ಇಂದು ನಾವು ಚಿಂತಿಸಬೇಕಾದ ವಿಷಯ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ. ಬ್ರಿಟಿಷರು ರೂಪಿಸಿದ 1861ರ ಪೊಲೀಸ್ ಕಾಯಿದೆಯ 22ನೇ ಕಲಮು, ಪೊಲೀಸ್ ಅಧಿಕಾರಿಯನ್ನು ಸದಾ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 168ನೇ ಕಲಮು, ಸಂಜ್ಞೇಯ ಅಪರಾಧವನ್ನು ತಡೆಯಲು ಮಧ್ಯಪ್ರವೇಶಿಸುವುದನ್ನು ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯ ಹೊಣೆಯಾಗಿಸಿದೆ. ಪಾಳಿ ಮುಗಿದಿದೆ ಎಂಬ ನೆಪ ಅಲ್ಲಿ ಸಲ್ಲುವುದಿಲ್ಲ. ಸಾಮಾನ್ಯ ನಾಗರಿಕನನ್ನೂ ಕಾನೂನು ಕೈಕಟ್ಟಿ ಕೂರಿಸಿಲ್ಲ. ತನ್ನ ಕಣ್ಣೆದುರಿಗೇ ಜಾಮೀನುರಹಿತ ಸಂಜ್ಞೇಯ ಅಪರಾಧ ನಡೆದರೆ ಅಪರಾಧಿಯನ್ನು ಹಿಡಿಯುವ ಅಧಿಕಾರವನ್ನು ಅದೇ ಸಂಹಿತೆಯ 40ನೇ ಕಲಮು ಅವನಿಗೆ ನೀಡುತ್ತದೆ. ಆದರೆ ಹಿಡಿದವನನ್ನು ವಿಳಂಬವಿಲ್ಲದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಹಿಡಿಯುವ ಅಧಿಕಾರವಿದೆ, ಶಿಕ್ಷಿಸುವ ಅಧಿಕಾರವಿಲ್ಲ. ಈ ಗೆರೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಲೇಖನದ ಮುಂದಿನ ಮಾತೆಲ್ಲ ಈ ಗೆರೆಯ ಮೇಲೆಯೇ ನಿಂತಿದೆ.

ಇಂತಹ ಹೊಣೆಗಾರಿಕೆ ನಮ್ಮ ಮಣ್ಣಿಗೆ ಹೊಸದೇನೂ ಅಲ್ಲ. ವೀರಬಲ್ಲಾಳನ ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ ಬೂಚೇಶ್ವರ ದೇವಾಲಯವನ್ನು ನೋಡಲು ಜನರು ಕೊರವಂಗಲಕ್ಕೆ ಬರುತ್ತಾರೆ. ಆದರೆ ಇದೇ ಸೀಮೆಯ ಹಳ್ಳಿಗಳ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ಪೊದೆಗಳ ನಡುವೆ ನಿಂತಿರುವ ವೀರಗಲ್ಲುಗಳನ್ನು ಗಮನಿಸುವವರು ಕಡಿಮೆ. ಅವುಗಳಲ್ಲಿ ಎಲ್ಲವೂ ರಾಜರ ಯುದ್ಧದಲ್ಲಿ ಮಡಿದವರ ಸ್ಮಾರಕಗಳಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು ಕರ್ನಾಟಕದ ವೀರಗಲ್ಲುಗಳಲ್ಲಿ ಅನೇಕರಿದ್ದಾರೆ. ಅರಮನೆಯ ಅಪ್ಪಣೆಗೆ ಕಾಯದೆ, ಆ ಹೊತ್ತಿನಲ್ಲಿ ತಾನಲ್ಲಿದ್ದೇನೆ ಎಂಬ ಒಂದೇ ಕಾರಣಕ್ಕೆ ಅಡ್ಡ ನಿಂತವರನ್ನು ಊರು ಕಲ್ಲಿನಲ್ಲಿ ಕೆತ್ತಿ ನೆನೆದಿದೆ.

ನಮ್ಮ ಕಾಲದಲ್ಲಿಯೂ ಅಂತಹವರಿದ್ದಾರೆ. 2017ರ ಜೂನ್ 3ರ ರಾತ್ರಿ ಲಂಡನ್ ಸೇತುವೆಯ ಬಳಿ ಮೂವರು ದುಷ್ಕರ್ಮಿಗಳು ಧರ್ಮದ ಹೆಸರಿನಲ್ಲಿ ಚೂರಿ ಹಿಡಿದು ಅಮಾಯಕರನ್ನು ಇರಿಯುತ್ತಿದ್ದರು. ಚಾರ್ಲಿ ಗೆನಿಗೋ ಎಂಬ ಪೊಲೀಸ್ ಪೇದೆಗೆ ಅಂದು ಕೆಲಸವಿರಲಿಲ್ಲ. ಗೆಳೆಯರೊಂದಿಗೆ ಕಳೆದ ಸಂಜೆ ಮುಗಿದಿತ್ತು. ಆತನ ಬಳಿ ಆಯುಧವೂ ಇರಲಿಲ್ಲ. ಆದರೂ ಕರ್ತವ್ಯದಲ್ಲಿದ್ದ ಇನ್ನೊಬ್ಬ ಪೊಲೀಸನು ಒಂಟಿಯಾಗಿ ಹೋರಾಡುತ್ತಿರುವುದನ್ನು ಕಂಡು ನೆರವಿಗೆ ಧಾವಿಸಿ, ಹಲವು ಇರಿತಗಳನ್ನು ಉಂಡ. ಬ್ರಿಟಿಷ್ ಸರಕಾರ ಆತನಿಗೆ ಜಾರ್ಜ್ ಪದಕ ನೀಡಿ ಗೌರವಿಸಿತು. ಅದಾಗಿ ಕೇವಲ ಹದಿನಾರು ದಿನಗಳಲ್ಲಿ, ಅದೇ ನಗರದ ಫಿನ್ಸ್‌ಬರಿ ಪಾರ್ಕಿನಲ್ಲಿ, ತರಾವೀಹ್ ಮುಗಿಸಿ ಬರುತ್ತಿದ್ದ ಮುಸ್ಲಿಮರ ಮೇಲೆ ಒಬ್ಬಾತ ವ್ಯಾನು ಹಾಯಿಸಿದ. ರೊಚ್ಚಿಗೆದ್ದ ಜನ ಅವನನ್ನು ಸುತ್ತುವರಿದರು. ಅಲ್ಲಿಗೆ ಬಂದ ಇಮಾಮ್ ಮುಹಮ್ಮದ್ ಮಹ್ಮೂದ್, ಪೊಲೀಸರು ಬಂದು ವಶಕ್ಕೆ ಪಡೆಯುವ ತನಕ ಆ ದಾಳಿಕೋರನ ಮೈಗೆ ಪೆಟ್ಟು ಬೀಳದಂತೆ ಕಾಯ್ದರು. ಮೊದಲನೆಯವನು ಸಮವಸ್ತ್ರವಿಲ್ಲದ ಪೊಲೀಸ್. ಎರಡನೆಯವರು ಪೊಲೀಸರೇ ಅಲ್ಲ. ಇಬ್ಬರೂ ಮಾಡಿದ್ದು ಒಂದೇ ಕೆಲಸ, ಕಣ್ಣೆದುರಿನ ಅಪರಾಧವನ್ನು ತಡೆದದ್ದು.

ನಮ್ಮ ದೇಶದಲ್ಲಿ 2020ರ ಫೆಬ್ರವರಿ 25ರಂದು, ದಿಲ್ಲಿ ಗಲಭೆಯ ಬೆಂಕಿಯಲ್ಲಿ ಬೇಯುತ್ತಿದ್ದಾಗ, ಉತ್ತರ ಪ್ರದೇಶದ ಎಸ್ಪಿ ನೀರಜ್ ಜಾದೌನ್ ಗಡಿ ಠಾಣ್ಯದಲ್ಲಿದ್ದರು. ಅವರು ಕೆಲಸದಲ್ಲೇ ಇದ್ದರೆಂಬುದು ನಿಜ, ಆದರೆ ಅವರ ಅಧಿಕಾರ ಆ ಗಡಿಗೆ ಮುಗಿಯುತ್ತಿತ್ತು. ಸುಮಾರು ಇನ್ನೂರು ಮೀಟರ್ ಆಚೆ, ಕರಾವಲ್ ನಗರದಲ್ಲಿ, ಗುಂಪೊಂದು ವಾಹನಗಳಿಗೆ ಬೆಂಕಿ ಹಚ್ಚುತ್ತಿತ್ತು. ಅನುಮತಿಯಿಲ್ಲದೆ ಇನ್ನೊಂದು ರಾಜ್ಯಕ್ಕೆ ಕಾಲಿಡುವಂತಿಲ್ಲವೆಂದು ಗೊತ್ತಿದ್ದೂ ಅವರು ಗಡಿ ದಾಟಿದರು, ಗುಂಪನ್ನು ಹಿಮ್ಮೆಟ್ಟಿಸಿದರು. ಅದೇ ದಿನಗಳಲ್ಲಿ ಸಮವಸ್ತ್ರ ಧರಿಸಿಯೂ ಸುಮ್ಮನೆ ನೋಡುತ್ತ ನಿಂತ ಪೊಲೀಸರ ಬಗ್ಗೆ ದೂರುಗಳು ಬಂದದ್ದನ್ನು ನಾವು ಮರೆತಿಲ್ಲ. ಹಾಗೆಂದು ಗಡಿ ದಾಟಿ ಬಂದವನನ್ನೂ ನಾವು ಮರೆಯಬಾರದು. ಅನ್ಯಾಯವನ್ನು ಎಣಿಸುವಷ್ಟೇ ಪ್ರಾಮಾಣಿಕವಾಗಿ ನ್ಯಾಯವನ್ನೂ ಎಣಿಸದ ಸಮುದಾಯದ ದೂರಿಗೆ ತೂಕವಿರುವುದಿಲ್ಲ.

ಇನ್ನು ನಮ್ಮ ಧರ್ಮದ ಬೋಧನೆಗೆ ಬರೋಣ. ಕೆಡುಕನ್ನು ಕಂಡವನು ಕೈಯಿಂದ, ಆಗದಿದ್ದರೆ ಮಾತಿನಿಂದ, ಅದೂ ಆಗದಿದ್ದರೆ ಮನಸ್ಸಿನಿಂದಾದರೂ ಅದನ್ನು ಎದುರಿಸಬೇಕೆಂಬ ಪ್ರವಾದಿ(ಸ)ರ ಬೋಧನೆ ನಮ್ಮ ಮಿಂಬರ್‌ಗಳಿಂದ ಮತ್ತೆ ಮತ್ತೆ ಕೇಳಿಬರುತ್ತದೆ. ಪ್ರವಾದಿತ್ವಕ್ಕೂ ಮುಂಚೆ ಮಕ್ಕಾದಲ್ಲಿ ನಡೆದ ಹಿಲ್ಫುಲ್ ಫುದೂಲ್ ಒಪ್ಪಂದ ಅಷ್ಟಾಗಿ ಕೇಳಿಬರುವುದಿಲ್ಲ. ಯಮನಿನಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಪಡೆದು ಮಕ್ಕಾದ ಪ್ರಮುಖನೊಬ್ಬ ಹಣ ಕೊಡಲಿಲ್ಲ. ವ್ಯಾಪಾರಿಗೆ ಅಲ್ಲಿ ಬಂಧುಗಳಿರಲಿಲ್ಲ, ಕಾಯುವ ಗೋತ್ರವಿರಲಿಲ್ಲ. ಆಗ ಅಬ್ದುಲ್ಲಾ ಇಬ್ನ್ ಜುದ್‌ಆನ್‌ರ ಮನೆಯಲ್ಲಿ ಸೇರಿದ ಕೆಲವರು, ಮರ್ದಿತನು ಯಾರೇ ಆಗಿರಲಿ ಅವನ ಪರ ನಿಲ್ಲುವೆವೆಂದು ಶಪಥ ಮಾಡಿದರು. ಅವರಲ್ಲಿ ಯುವಕ ಮುಹಮ್ಮದ್(ಸ)ರೂ ಇದ್ದರು. ಆ ಒಪ್ಪಂದದ ಸದಸ್ಯರು ಯಾವ ಪ್ರಭುತ್ವದ ನೌಕರರೂ ಆಗಿರಲಿಲ್ಲ, ಮರ್ದಿತನು ಅವರ ಗೋತ್ರದವನೂ ಆಗಿರಲಿಲ್ಲ. ಪ್ರವಾದಿತ್ವ ದೊರೆತ ಬಳಿಕವೂ ಅವರು ಆ ಒಪ್ಪಂದವನ್ನು ಅಭಿಮಾನದಿಂದ ನೆನೆದಿದ್ದಾರೆ.

ಆದರೆ ಈ ಹೊಣೆಗೆ ಮೇರೆಯಿಲ್ಲವೇ? ಇದೆ, ಮತ್ತು ನಮ್ಮ ವಿದ್ವಾಂಸರು ಅದನ್ನು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದಾರೆ. 1058ರಲ್ಲಿ ನಿಧನರಾದ ಬಗ್ದಾದಿನ ಇಮಾಮ್ ಮಾವರ್ದಿಯವರು ತಮ್ಮ ‘ಅಲ್ ಅಹ್ಕಾಮುಸ್ಸುಲ್ತಾನಿಯ್ಯ’ ಗ್ರಂಥದಲ್ಲಿ, ಪ್ರಭುತ್ವದಿಂದ ನೇಮಕಗೊಂಡ ಮುಹ್ತಸಿಬ್‌ಗೂ ಸ್ವಯಂಪ್ರೇರಿತನಾಗಿ ಮುಂದೆ ಬರುವ ಸಾಮಾನ್ಯನಿಗೂ ಒಂಬತ್ತು ವ್ಯತ್ಯಾಸಗಳನ್ನು ಪಟ್ಟಿ ಮಾಡುತ್ತಾರೆ. ನೇಮಕಗೊಂಡವನಿಗೆ ಅದು ವೈಯಕ್ತಿಕ ಕಡ್ಡಾಯ, ಫರ್ದ್ ಐನ್. ಉಳಿದವರಿಗೆ ಸಾಮೂಹಿಕ ಕಡ್ಡಾಯ, ಫರ್ದ್ ಕಿಫಾಯ. ಬಹಿರಂಗವಾದ ಕೆಡುಕನ್ನು ಹುಡುಕಿ ಹೋಗುವುದು ನೇಮಕಗೊಂಡವನ ಕೆಲಸ, ಸ್ವಯಂಸೇವಕನದಲ್ಲ. ದಂಡಿಸುವ ಅಧಿಕಾರವೂ ಸ್ವಯಂಸೇವಕನಿಗಿಲ್ಲ. ಇಂದಿನ ಕಾನೂನಿನ ಗೆರೆಯೂ ಮಾವರ್ದಿ ಎಳೆದ ಗೆರೆಯೂ ಎಷ್ಟು ಹತ್ತಿರವಿವೆ ನೋಡಿ! ಇಮಾಮ್ ಗಝಾಲಿ ಉಲ್ಲೇಖಿಸುವ ಒಂದು ಘಟನೆಯಲ್ಲಿ, ಖಲೀಫ ಉಮರ್(ರ) ಅವರೇ ಒಬ್ಬನ ಗೋಡೆ ಹತ್ತಿ ಒಳಗಿನ ಪಾಪವನ್ನು ಕಂಡಾಗ ಆತ, ತಾನು ಮಾಡಿದ ತಪ್ಪು ಒಂದು, ತಾವು ಮಾಡಿದ್ದು ಮೂರು ಎಂದು ಎದುರಾಡುತ್ತಾನೆ: ಗುಟ್ಟು ಬೇಹು ನೋಡಿದ್ದು, ಬಾಗಿಲಿನಿಂದ ಬಾರದೆ ಗೋಡೆ ಹತ್ತಿದ್ದು, ಸಲಾಮ್ ಹೇಳಿ ಅನುಮತಿ ಕೇಳದಿದ್ದದ್ದು. ಖಲೀಫರು ಅವನನ್ನು ಶಿಕ್ಷಿಸದೆ ಹಿಂತಿರುಗುತ್ತಾರೆ.

ಈಗ ಈ ಕನ್ನಡಿಯನ್ನು ನಮ್ಮ ಮುಖಕ್ಕೆ ಹಿಡಿಯೋಣ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಯುವತಿಯರ ಮೇಲೆ ದಾಳಿ ನಡೆದಾಗ, ಸಂಸ್ಕೃತಿ ರಕ್ಷಣೆಯ ಗುತ್ತಿಗೆಯನ್ನು ಇವರಿಗೆ ಕೊಟ್ಟವರಾರು ಎಂದು ನಾವು ಕೇಳಿದೆವು. ನ್ಯಾಯವಾಗಿಯೇ ಕೇಳಿದೆವು. ಆದರೆ 2024ರ ಜನವರಿ 8ರಂದು ಹಾನಗಲ್ ಸಮೀಪದ ವಸತಿಗೃಹವೊಂದಕ್ಕೆ ನುಗ್ಗಿ, ಬೇರೆ ಧರ್ಮದ ಪುರುಷನ ಜೊತೆಗಿದ್ದ ಮುಸ್ಲಿಮ್ ಮಹಿಳೆಯನ್ನು ಥಳಿಸಿ ಹೊತ್ತೊಯ್ದು ಸಾಮೂಹಿಕ ಅತ್ಯಾಚಾರವೆಸಗಿದ ಆರೋಪ ಹೊತ್ತವರು ನಮ್ಮ ಸಮುದಾಯದ ಯುವಕರು. ಸಮುದಾಯದ ಮಾನ ಕಾಯುತ್ತೇವೆಂದು ಹೊರಟ ಗುಂಪಿನ ಮೇಲೆ ಹೆಣ್ಣಿನ ಮಾನವನ್ನೇ ಸುಲಿದ ಆರೋಪ! 2025ರ ಮೇ ತಿಂಗಳಿನಲ್ಲಿ ಜಾಮೀನು ಪಡೆದ ಆರೋಪಿಗಳನ್ನು ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆಯಲ್ಲಿ ಕರೆತರಲಾಯಿತು. ಅಪರಾಧ ಸಾಬೀತಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಆ ಮೆರವಣಿಗೆಯನ್ನು ತಡೆಯುವುದು ಯಾರ ಕೆಲಸವಾಗಿತ್ತು? ಆ ಬೀದಿಯಲ್ಲಿ ಅಂದು ನಿಂತಿದ್ದ ಪ್ರತಿಯೊಬ್ಬ ಹಿರಿಯನದಾಗಿತ್ತು.

ಇದಕ್ಕೆ ತದ್ವಿರುದ್ಧವಾದ ಮಾದರಿಯೂ ನಮ್ಮಲ್ಲಿದೆ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಉದ್ರಿಕ್ತ ಗುಂಪು ಠಾಣೆಗೂ ವಾಹನಗಳಿಗೂ ಬೆಂಕಿ ಇಡುತ್ತಿದ್ದಾಗ, ಅಲ್ಲಿನ ಮುಸ್ಲಿಮ್ ಯುವಕರು ಹನುಮಂತನ ಗುಡಿಯ ಸುತ್ತ ಕೈ ಕೈ ಹಿಡಿದು ಸರಪಳಿ ಕಟ್ಟಿ ನಿಂತರು. ಅವರನ್ನು ಯಾರೂ ನೇಮಿಸಿರಲಿಲ್ಲ. ಅವರು ಯಾರನ್ನೂ ಹೊಡೆಯಲಿಲ್ಲ. ಅಡ್ಡ ನಿಂತರು, ಅಷ್ಟೇ. ಕೆಡುಕನ್ನು ತಡೆಯುವುದೆಂದರೆ ಇದು.

ಮಧ್ಯಪ್ರವೇಶಿಸಿದ ಮುಸ್ಲಿಮನೇ ಆರೋಪಿಯಾಗಿಬಿಟ್ಟರೆ ಎಂಬ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. 2001ರ ಸೆಪ್ಟೆಂಬರ್ 11ರಂದು ಕೆಲಸಕ್ಕೆ ಹೊರಟಿದ್ದ 23ರ ಹರೆಯದ ಸಲ್ಮಾನ್ ಹಮ್ದಾನಿ, ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಕೆಡೆಟ್, ಗಾಯಾಳುಗಳ ನೆರವಿಗಾಗಿ ಉರಿಯುವ ಗೋಪುರಗಳತ್ತ ಧಾವಿಸಿದ. ಅವನು ಮನೆಗೆ ಮರಳದಿದ್ದಾಗ, ಕರಾಚಿಯಲ್ಲಿ ಹುಟ್ಟಿದ ಮುಸ್ಲಿಮನೆಂಬ ಕಾರಣಕ್ಕೆ ಸಂಶಯ ಅವನ ಮೇಲೆಯೇ ತಿರುಗಿತು. 2002ರಲ್ಲಿ ಅವಶೇಷಗಳಡಿ ಅವನ ದೇಹದ ತುಣುಕುಗಳು ಗುರುತಿಸಲ್ಪಟ್ಟಾಗ ಅದೇ ಇಲಾಖೆ ಸಕಲ ಗೌರವಗಳೊಂದಿಗೆ ಅವನನ್ನು ಬೀಳ್ಕೊಟ್ಟಿತು. ಆ ತಾಯಿ ತಂದೆ ಅನುಭವಿಸಿದ ತಿಂಗಳುಗಳಿಗೆ ಯಾವ ಗೌರವವೂ ಪರಿಹಾರವಲ್ಲ. ಆದ್ದರಿಂದ ಸರಕಾರದ ಹೊಣೆಯನ್ನೂ ಹೇಳಲೇಬೇಕು. ಸಾಕ್ಷಿಗಳ ರಕ್ಷಣೆಯ ಯೋಜನೆಯನ್ನು 2018ರಲ್ಲಿಯೇ ಸುಪ್ರೀಂ ಕೋರ್ಟು ಅಂಗೀಕರಿಸಿದೆ. ಅದು ಠಾಣೆಯ ಮೇಜಿನ ಮೇಲೆ ಜೀವಂತವಾಗದೆ, ಅಪರಾಧ ತಡೆದವನಿಗೆ ಕಛೇರಿ ಅಲೆದಾಟದ ಬಹುಮಾನವೇ ಸಿಗುವುದಾದರೆ, ಜನರು ಮುಖ ತಿರುಗಿಸುವುದನ್ನು ಉಪದೇಶದಿಂದ ತಡೆಯಲಾಗದು.

ಆದರೆ ಸಂಶಯಕ್ಕೆ ದೂರ ಸರಿಯುವುದು ಉತ್ತರವಲ್ಲ. 2006ರಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿ, ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಪಿಎಸ್‌ನಲ್ಲಿ ಕೇವಲ ಶೇ. 4ರಷ್ಟಿರುವುದನ್ನು ತೋರಿಸಿತು. ಇದರಲ್ಲಿ ವ್ಯವಸ್ಥೆಯ ಪಾಲಿದೆ, ಪೊಲೀಸ್ ಕೆಲಸ ನಮಗಲ್ಲವೆಂದು ಮಕ್ಕಳಿಗೆ ಹೇಳಿಕೊಟ್ಟ ನಮ್ಮ ಮನೆಗಳ ಪಾಲೂ ಇದೆ. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ವೀರಪ್ಪನ್ ಗುಂಪಿನ ಗುಂಡಿಗೆ ಎಸ್ಪಿ ಹರಿಕೃಷ್ಣರೊಂದಿಗೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್‌ರ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಮದ್ರಸದ ಒಂದು ಕೋಣೆ ಸಂಜೆಯ ಹೊತ್ತಿಗೆ ತೆರೆದಿರಲಿ. ಪಕ್ಕದ ಮನೆಯಲ್ಲಿ ಹೆಣ್ಣಿನ ಚೀರಾಟ ಕೇಳಿದರೆ ಬಾಗಿಲು ತಟ್ಟಬೇಕು, 112ಕ್ಕೆ ಕರೆ ಮಾಡಬೇಕು ಎಂದು ಜುಮಾ ಖುತ್ಬಾದಲ್ಲಿ ಖತೀಬರು ಹೇಳಲಿ. ಯಾರು ಯಾರೊಂದಿಗೆ ಬಸ್ ನಿಲ್ದಾಣದಲ್ಲಿ ಮಾತನಾಡಿದರೆಂದು ಬೇಹು ನೋಡುವ ಹುಡುಗರಿಗೆ, ಅದು ಹರಾಮ್ ಎಂದು ಅದೇ ಖತೀಬರು ಅಷ್ಟೇ ಗಟ್ಟಿಯಾಗಿ ಹೇಳಲಿ.

ಮತ್ತೆ ಆ ಬಸ್ಸಿಗೆ ಹಿಂತಿರುಗೋಣ. ವೃದ್ಧೆಯ ಸರದ ಮೇಲೆ ಕೈ ಬಿದ್ದಿದೆ. ಪೇದೆ ಮಗುವನ್ನು ಪಕ್ಕದವರ ಮಡಿಲಿಗೆ ಕೊಟ್ಟು ಏಳುತ್ತಾನೆ. ಅವನು ಏಳದಿದ್ದರೆ ಸರಕಾರದ ಕಾನೂನಿಗೆ ಉತ್ತರ ಹೇಳಬೇಕಾದೀತು. ನಾವು ಏಳದಿದ್ದರೆ ನಮ್ಮನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಆದರೆ ಕೇಳಲಾಗುವ ಒಂದು ದಿನವಿದೆಯೆಂದು ನಂಬಿದವರು ನಾವು. ಆ ನಂಬಿಕೆಗೆ ರಜೆಯೆಂಬುದಿಲ್ಲ.